ಪಕ್ಕದ ಸೀಟಿನವರ ಧ್ಯಾನ

ನಮ್ಮ ಅಳಿಯ ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸುವುದನ್ನು ಹೇಳಿಕೊಡುತ್ತಿದ್ದಾರೆ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ. ಇವರ ಕಾಲಡಿಗೂ ಒಂದು ಬ್ರೇಕ್ ಇದೆ. ಆ ಕಾಲಿಗೆ ಮನೆ ಯಾವುದು, ಕಾರು ಯಾವುದು ಅನ್ನುವ ಭೇದ ಇಲ್ಲ. ನಾನು ಒದ್ದೆ ನೆಲದ ಮೇಲೆ ಸ್ವಲ್ಪ ಬಿರುಸಾಗಿ ನಡೆದರೂ ಸೋಫಾದಲ್ಲಿ ಕೂತ ಇವರ ಪಾದ ಚಾಪೆಯನ್ನು ಒತ್ತುತ್ತದೆ. ಆ ಚಾಪೆ ಒಂದೇ ಕಡೆ ಸವೆದಿದೆ.

ಒಳ್ಳೆಯ ಮನುಷ್ಯ. ಬಾಯಿ ಮಾತ್ರ ಜೋರು, ಅದೂ ಕಾರಿನಲ್ಲಿ. ಕಣ್ಣು ಎಲ್ಲಿಟ್ಟಿದ್ದೀರಿ ಎಂದು ಶುರುವಾದರೆ ಕಲಿಯುವವರ ಅಜ್ಜನ ಕಾಲದವರೆಗೂ ಹೋಗಿ ನಿಲ್ಲುತ್ತಿತ್ತಂತೆ. ಒಂದು ದಿನ ಶಾಲೆಯ ಹೆಡ್‌ಮೇಡಂ ಒಬ್ಬರು ನಡುರಸ್ತೆಯಲ್ಲೇ ಕಾರು ನಿಲ್ಲಿಸಿ ಇಳಿದು, ನಡೆದುಕೊಂಡೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಓನರಮ್ಮನ ಎದುರು ಕೂತರು. ಬೈಯುವುದರಲ್ಲಿ ಆಕೆಯದೂ ಮೂವತ್ತು ವರ್ಷದ ಸರ್ವೀಸು, ಹಾಗಾಗಿ ದೂರು ಚೊಕ್ಕವಾಗಿತ್ತು. ಆ ವರ್ಷ ಇವರ ಮೇಲೆ ಬಂದದ್ದರಲ್ಲಿ ಅದು ಮೂರನೆಯದು. ಇನ್ನೊಂದು ಬಂದರೆ ಕಾರಿನ ಕೀ ಕೊಟ್ಟು ಆಫೀಸಿನಲ್ಲಿ ಫಾರಂ ತುಂಬಿಸುತ್ತ ಕೂರಿ, ಸಂಬಳ ಅಷ್ಟೇ ಇರುತ್ತದೆ ಎಂದು ಓನರಮ್ಮ ಇವರಿಗೆ ಹೇಳಿದರು.

ಸಂಬಳ ಅಷ್ಟೇ ಇದ್ದರೂ ಅಳಿಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾರು ಬಿಟ್ಟರೆ ಬೇರೆ ಯಾವ ಜಾಗದಲ್ಲೂ ಕೈಕಾಲು ಎಲ್ಲಿಟ್ಟುಕೊಳ್ಳಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ.

ಆ ವಾರವೇ ಲೈಸೆನ್ಸ್ ಆಫೀಸಿನ ಬೆಂಚಿನ ಮೇಲೆ ಯಾರೋ ಮರೆತುಹೋದ ಪುಸ್ತಕ ಸಿಕ್ಕಿತು. ಬುದ್ಧ ಹೇಳಿದ ಧ್ಯಾನದ ಪುಸ್ತಕ. ಮೂರು ದಿನ ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ, ಮನೆಗೆ ತಂದರು. ಸಣ್ಣ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲ, ಅದಕ್ಕೆ ಗಟ್ಟಿಯಾಗಿ ಓದಿದರು. ಉಸಿರನ್ನು ನೋಡುತ್ತ ಕೂರಬೇಕು, ಮನಸ್ಸು ಓಡಿಹೋದರೆ ಬೈಯದೆ ವಾಪಸು ಕರೆತರಬೇಕು, ಒಳಗೆ ಏನು ಬಂತೋ ಅದಕ್ಕೆ ಹೆಸರಿಟ್ಟು ನೋಡಬೇಕು. ಬೈಯದೆ ಅನ್ನುವ ಸಾಲನ್ನು ಅವರು ಎರಡು ಸಲ ಓದಿದರು.

ನನ್ನ ಮಗಳು ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. “ಬುದ್ಧ ಹೆಂಡತಿ ಮಗು ಬಿಟ್ಟು ಹೋದ ಅಂತ ಓದಿದ್ದೀನಿ. ನೀವೂ ಹೋಗೋದಾದ್ರೆ ಮೊದಲು ಸಿಲಿಂಡರ್ ಬದಲಾಯಿಸಿ ಹೋಗಿ,” ಅಂದಳು. ಅಳಿಯ ಪುಸ್ತಕ ಮಗುಚಿಟ್ಟು ಸಿಲಿಂಡರ್ ಬದಲಾಯಿಸಿ ಬಂದು ಮತ್ತೆ ಓದಲು ಕೂತರು.

ಗೊತ್ತಿರುವವರ ಹತ್ತಿರ ಕಲಿತರೆ ಒಳ್ಳೆಯದು ಎಂದು ಪುಸ್ತಕವೇ ಹೇಳಿತ್ತು. ನಮ್ಮ ಸುತ್ತಮುತ್ತ ಅಂಥವರು ಯಾರೂ ಇರಲಿಲ್ಲ. ಜಿಮ್ ನಡೆಸುವವನು ತೋಳಿನ ಜೊತೆಗೆ ಧ್ಯಾನವನ್ನೂ ಸೇರಿಸಿ ಕೊಡುತ್ತೇನೆ ಅಂದ. ದೂರದ ಧ್ಯಾನಕೇಂದ್ರಕ್ಕೆ ಫೋನ್ ಮಾಡಿದರೆ ಹತ್ತು ದಿನ ಇಲ್ಲೇ ಇರಬೇಕು ಅಂದರು, ಇವರಿಗೆ ಅಷ್ಟು ರಜೆ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಕಣ್ಣು ಮುಚ್ಚಿ ಅಂದರು, ಇನ್ನೊಬ್ಬರು ತೆರೆದಿಡಿ ಅಂದರು. ಅಳಿಯ ಒಂದು ವಾರ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಕೂತರು.

ಆದರೆ ಪಕ್ಕದಲ್ಲಿ ಯಾರೂ ಇಲ್ಲದೆ ಕಲಿತವರು ಯಾವತ್ತಾದರೂ ಗುದ್ದಿಯೇ ಗುದ್ದುತ್ತಾರೆ ಅನ್ನುವುದು ಅವರ ಕಸುಬಿನ ನಂಬಿಕೆ. ಕೊನೆಗೆ ನನ್ನ ಹತ್ತಿರ ಬಂದರು.

“ಅತ್ತೆ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ತೂಕಡಿಸಿದ್ರೆ ಚಮಚದಲ್ಲಿ ಲೋಟ ತಟ್ಟಿ.”

“ನನಗೆ ಬುದ್ಧನ ವಿಷಯ ಏನು ಗೊತ್ತಪ್ಪಾ?”

“ನಿದ್ದೆ ವಿಷಯ ಗೊತ್ತಲ್ಲ.”

ಬೆಳಿಗ್ಗೆ ಐದೂವರೆಗೆ ಎರಡು ಕುರ್ಚಿ ಕಾರಿನ ಸೀಟಿನ ಹಾಗೆ ಜೊತೆಯಲ್ಲಿ ಹಾಕಿ ಕೂರುತ್ತಿದ್ದೆವು. ಕಲಿಯುವವರಿಗೆ ಕೊಡುವ ಇಪ್ಪತ್ತು ಕ್ಲಾಸಿನ ಕಾರ್ಡೊಂದನ್ನು ಗೋಡೆಗೆ ಅಂಟಿಸಿದ್ದರು. ಕ್ಲಾಸು ಮುಗಿದ ಮೇಲೆ ನಾನು ಸಹಿ ಹಾಕಬೇಕು. ಮೊದಲ ದಿನ ಹನ್ನೆರಡು ಸಲ ತಟ್ಟಿದೆ. ಹನ್ನೆರಡನೆಯದಕ್ಕೆ ಕಣ್ಣು ಬಿಟ್ಟು, ನಾನು ನಿದ್ದೆ ಮಾಡುತ್ತಿರಲಿಲ್ಲ ಅಂದರು. ಗೊರಕೆ ಯಾರದೋ ಗೊತ್ತಿಲ್ಲ ಅಂತ ಹೇಳಿ ನಾನು ಸಹಿ ಹಾಕಿದೆ. ಎರಡು ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಎರಡೋ ಮೂರೋ ಸಲಕ್ಕೆ ಇಳಿಯಿತು.

ಇಪ್ಪತ್ತನೆಯ ದಿನ ಪಾಸೋ ಫೇಲೋ ಹೇಳಿ ಅಂದರು. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಕಾರಿನಲ್ಲಿ ಗೊತ್ತಾಗುತ್ತದೆ ಅಂದೆ.

ಮಾರನೆಯ ದಿನವೇ ಆ ಹೆಡ್‌ಮೇಡಂ ವಾಪಸು ಬಂದರು. ಅವರ ಸಮಯಕ್ಕೆ ಬಿಡುವಿದ್ದವರು ಇವರೊಬ್ಬರೇ. ಸಿಗ್ನಲಿನಲ್ಲಿ ಆಕೆ ಕಾರನ್ನು ಏಳು ಸಲ ಆಫ್ ಮಾಡಿದರು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಅಳಿಯ ಒಂದು ಮಾತೂ ಆಡದೆ ಮುಂದಿನ ಗಾಜು ನೋಡುತ್ತ ಕೂತಿದ್ದರು. ನಿಮಗೆ ಹುಷಾರಿಲ್ಲವೇ, ಆಸ್ಪತ್ರೆಗೆ ಹೋಗೋಣವೇ ಎಂದು ಮೇಡಂ ಕೇಳಿದರು. ಇವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಕ್ಲಾಸು ಮುಗಿದ ಮೇಲೆ ಆಕೆ ನೇರ ಓನರಮ್ಮನ ಹತ್ತಿರ ಹೋದರು.

“ಬೈದ್ರೂ ಪರವಾಗಿಲ್ಲ. ಇವರು ಬಾಯೇ ಬಿಡೋದಿಲ್ಲ. ನಾನು ಯಾರ ಹತ್ರ ಕಲೀಲಿ?”

ಓನರಮ್ಮ ಆಡಿದ ಮಾತಿಗೆ ತಪ್ಪುವವರಲ್ಲ. ಮೇಡಂಗೆ ಶನಿವಾರ ಟೆಸ್ಟ್ ಇದೆ, ಅಲ್ಲಿವರೆಗೆ ನೀವೇ ನೋಡಿಕೊಳ್ಳಿ, ಆಮೇಲೆ ಕೀ ಕೊಡಿ ಎಂದರು.

ಅಳಿಯ ಮನೆಗೆ ಬಂದು ಎಲ್ಲ ಹೇಳಿ, ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆನಲ್ಲ ಅಂದರು. ಅಷ್ಟು ಹೊತ್ತು ಉಸಿರು ಹೇಗಿತ್ತು ಅಂತ ಕೇಳಿದೆ.

“ಉಸಿರು ಎಲ್ಲಿ ನೋಡಿದೆ ಅತ್ತೆ. ಬಾಯಿ ಬಿಗಿಹಿಡಿದು ಕೂತಿದ್ದೆ.”

“ಬಾಯೊಳಗೆ ಏನಿತ್ತು?”

ಕಾರ್ಡು ಮುಗಿದಿದ್ದರೂ ಮರುದಿನ ಬೆಳಿಗ್ಗೆ ಮತ್ತೆ ಕೂತೆವು, ನಾನು ಒಂದು ಸಲವೂ ತಟ್ಟಬೇಕಾಗಿ ಬರಲಿಲ್ಲ. ಎದ್ದು ಮುಖ ಒರೆಸಿಕೊಂಡು, ಹೆದರಿಕೆ ಅತ್ತೆ, ಕೋಪದ ಕೆಳಗೆ ಬರೀ ಹೆದರಿಕೆ ಅಂದರು. ಇಪ್ಪತ್ತೆರಡು ವರ್ಷ ದಿನಾ ಎಂಟು ಜನ ಅಪರಿಚಿತರ ಕೈಗೆ ಜೀವ ಕೊಟ್ಟು ಕೂರುವವರಿಗೆ ಹೆದರಿಕೆ ಇದೆ ಅನ್ನುವುದು ನನಗೆ ಹೊಸ ಸುದ್ದಿಯಲ್ಲ. ಅವರಿಗೆ ಹೊಸದು.

ಬಂದದ್ದಕ್ಕೆ ಹೆಸರಿಡಬೇಕು ಅಂತ ಪುಸ್ತಕದಲ್ಲಿ ಇದೆಯಲ್ಲ, ಅವತ್ತು ಅದನ್ನು ಕಾರಿನಲ್ಲಿ ಬಾಯಿಬಿಟ್ಟೇ ಮಾಡಿದರು. ಮೇಡಂ, ಈಗ ನನಗೆ ಹೆದರಿಕೆ. ಈಗ ಸ್ವಲ್ಪ ಕಮ್ಮಿ. ಲಾರಿ ಬಂತು, ಜಾಸ್ತಿ ಆಯ್ತು. ಮೊದಲು ಮೇಡಂ ಇವರನ್ನು ತಿರುಗಿ ನೋಡಿದರಂತೆ. ರಸ್ತೆ ನೋಡದಿದ್ದದ್ದಕ್ಕೆ ಇನ್ನೂ ಜಾಸ್ತಿ ಅಂದರು ಇವರು. ಆಕೆ ಮುಂದೆ ತಿರುಗಿ, “ನನಗೂ,” ಅಂದರು.

ಆಮೇಲೆ ಇಬ್ಬರೂ ಹಾಗೇ ಕಾರು ಓಡಿಸಿದರು. ಜಾಸ್ತಿ ಅಂದರೆ ಆಕೆ ವೇಗ ಇಳಿಸುವರು, ಕಮ್ಮಿ ಅಂದರೆ ಗೇರ್ ಬದಲಾಯಿಸುವರು. ಎಡಕ್ಕೆ ಬಲಕ್ಕೆ ಅಂತ ಕೂಗಿದ್ದಾಗ ಅರ್ಥವಾಗದ್ದು ಇದರಲ್ಲಿ ಅರ್ಥವಾಯಿತಂತೆ. ಶುಕ್ರವಾರ ಸಿಗ್ನಲಿನಲ್ಲಿ ಕಾರು ಒಂದೇ ಸಲ ಆಫ್ ಆಯಿತು.

ಶನಿವಾರ ಟೆಸ್ಟಿನಲ್ಲಿ ಮೇಡಂ ರಿವರ್ಸ್ ತೆಗೆದುಕೊಳ್ಳುವಾಗ ಗುರುತಿಗೆ ನೆಟ್ಟಿದ್ದ ಕಂಬ ಬೀಳಿಸಿ ಫೇಲಾದರು. ಅಳಿಯ ಆಫೀಸಿಗೆ ಬಂದು ಕೀಯನ್ನು ಮೇಜಿನ ಮೇಲಿಟ್ಟರು. ಮೇಡಂ ಅದೇ ಮೇಜಿನಲ್ಲಿ ಕೂತು ಇನ್ನೊಂದು ಟೆಸ್ಟಿಗೆ, ಇನ್ನು ಹತ್ತು ಕ್ಲಾಸಿಗೆ ಫಾರಂ ತುಂಬುತ್ತಿದ್ದರು. ಹೇಳಿಕೊಡುವವರು ಯಾರು ಅನ್ನುವ ಜಾಗದಲ್ಲಿ ಇವರ ಹೆಸರು ಬರೆದರು.

ಇವರ ಮೇಲೆ ಎರಡು ಸಲ ದೂರು ಕೊಟ್ಟವರು ನೀವೇ ಅಲ್ಲವೇ ಎಂದು ಓನರಮ್ಮ ಕೇಳಿದರು.

“ಕೊಟ್ಟಿದ್ದೆ. ಒಂದು ಬೈಯೋರ ಮೇಲೆ, ಒಂದು ಸುಮ್ಮನಿರೋರ ಮೇಲೆ. ಇವರ ಮೇಲೆ ಇನ್ನೂ ಕೊಟ್ಟಿಲ್ಲ.”

ಓನರಮ್ಮ ಫಾರಂ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಅದರ ಮೇಲೆ ಸೋಮವಾರ ಬೆಳಿಗ್ಗೆ ಏಳು ಗಂಟೆ ಎಂದು ಬರೆದು, ಕೀಯನ್ನು ಅಳಿಯನ ಕಡೆಗೆ ತಳ್ಳಿದರು.