ತಾಮ್ರದ ಒಳಮೈಗೆ ಹೊಳಪಿನ ಪದರ

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ಧೂಳಿಲ್ಲದ ಕೋಣೆಯಲ್ಲಿ, ಕಣ್ಣಷ್ಟೇ ಕಾಣುವ ಬಿಳಿ ದಿರಿಸು ತೊಟ್ಟ ಮಹಿಳೆಯೊಬ್ಬರು ಕೂಸಿಗೆ ನೀರೆರೆಯುವ ಜತನದಿಂದ ತಾಮ್ರದ ಪಾತ್ರೆಯೊಂದನ್ನು ತೊಳೆಯುತ್ತಿದ್ದಾರೆ. ಎರಡೂ ತುದಿಗೆ ಕೊಳವೆ, ನಡುವೆ ಕುಂಬಳಕಾಯಿಯಂತೆ ಉಬ್ಬಿದ ಹೊಟ್ಟೆ. ವಿಜ್ಞಾನಿಗಳು ಇದನ್ನು ಕ್ಯಾವಿಟಿ ಎನ್ನುತ್ತಾರೆ. ಇವರ ಬಾಯಲ್ಲಿ ಇದು ‘ಹಂಡೆ’. ಒಳಗೋಡೆಯಲ್ಲಿ ಧೂಳಿನ ಒಂದು ಕಣ ಉಳಿದರೂ ತಿಂಗಳುಗಳ ದುಡಿಮೆ ನೀರುಪಾಲು.

ಇಲ್ಲಿ ಅವರು ಎಲ್ಲರಿಗೂ ಅಕ್ಕ. ನಿರ್ದೇಶಕರಿಗೂ ಅಕ್ಕ, ಕಾವಲುಗಾರರಿಗೂ ಅಕ್ಕ. ಅಣುವಿಗಿಂತಲೂ ಚಿಕ್ಕ ಕಣಗಳನ್ನು ಓಡಿಸುವ ಯಂತ್ರಕ್ಕೆ ಬೇಕಾದ ಈ ಹಂಡೆಗಳ ಒಳಮೈಗೆ ನಿಯೋಬಿಯಂ ಎಂಬ ಲೋಹದ ಪದರ ಕೂರಿಸುವುದು ಅವರ ಕೆಲಸ. ಪದರದ ದಪ್ಪ ತಲೆಗೂದಲಿನ ಮೂವತ್ತರಲ್ಲೊಂದು ಪಾಲೂ ಇಲ್ಲ. ಆದರೆ ದ್ರವ ಹೀಲಿಯಂನಲ್ಲಿ ಮುಳುಗಿಸಿ ತಣಿಸಿದರೆ, ಅದರಲ್ಲಿ ವಿದ್ಯುತ್ತು ಅಡೆತಡೆಯೇ ಇಲ್ಲವೆಂಬಂತೆ ಹರಿಯುತ್ತದೆ. ಹಂಡೆಯೊಳಗಿನ ರೇಡಿಯೊ ಅಲೆಗಳು ಬಲಗುಂದದೆ, ಹಾದುಹೋಗುವ ಕಣಗಳನ್ನು ಬೆಳಕಿನ ವೇಗದತ್ತ ನೂಕುತ್ತವೆ.

ಅಕ್ಕ ಹಿಂದೆ ನಲ್ಲಿಗಳಿಗೆ ಹೊಳಪು ಲೇಪಿಸುವ ಕಾರ್ಖಾನೆಯಲ್ಲಿದ್ದವರು. ಅದು ಬಾಗಿಲು ಹಾಕಿದಾಗ, ಚಿಕ್ಕ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. “ಮೊದಲ ದಿನ ‘ಧೂಳೇ ಕಾಣ್ತಿಲ್ವಲ್ಲ ಸರ್’ ಅಂದೆ. ‘ಕಾಣದೇ ಇರೋದೇ ತೊಂದರೆ’ ಅಂದ್ರು,” ಎಂದು ನಗುತ್ತಾರೆ.

ನಗು ಮರೆತ ಕಾಲವೂ ಇತ್ತು. ಮೂರು ವರ್ಷದ ಹಿಂದೆ ಪದರಗಳು ಒಂದರ ಹಿಂದೊಂದು ಗುಳ್ಳೆ ಎದ್ದು ಸುಲಿಯತೊಡಗಿದವು. ಕೆಟ್ಟವನ್ನು ಕೊಯ್ದು ನೋಡಿದರೂ ಕಾರಣ ತಿಳಿಯಲಿಲ್ಲ. ಕೆಲಸವನ್ನೇ ಕೈಬಿಡುವ ಮಾತು ಬಂತು. ಚೆನ್ನಾಗಿ ಬಂದಿದ್ದದ್ದು ಒಂದೇ ಹಂಡೆ. ಅಕ್ಕನಿಗೆ ಅದೆಂದರೆ ಪ್ರಾಣ. ಈ ಕೆಲಸದ ಹೊಣೆ ಹೊತ್ತ ವಿಜ್ಞಾನಿ ಮೇಡಂ ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅಕ್ಕನೇ ಬಾಯಿಬಿಟ್ಟರು.

“ಇದನ್ನೂ ಕೊಯ್ದು, ಕೆಟ್ಟದ್ದರ ಪಕ್ಕ ಇಟ್ಟು ನೋಡೋಣ ಮೇಡಂ.”

“ಇದೊಂದೇ ಅಲ್ವಾ ಅಕ್ಕ ಉಳಿದಿರೋದು? ಏನೂ ಸಿಗದಿದ್ರೆ?”

“ಒಂದನ್ನ ಬೀರುವಿನಲ್ಲಿಟ್ಟು ಮುಖ ನೋಡ್ಕೊಂಡು ಕೂರೋದಾ? ನಾನೇ ಕೊಯ್ತೀನಿ.”

ಗರಗಸ ಹಿಡಿದು ಅಕ್ಕನೇ ಅದನ್ನು ಕೊಯ್ದಿಟ್ಟರು. “ಮನೇಲಿ ಮಾತ್ರ ಅಮ್ಮ ತಟ್ಟೆ ಮುಂದೆ ಕೂತು, ಉಣ್ಣದೆ ಹಾಗೇ ಎದ್ದುಬಿಟ್ಟಳು,” ಎನ್ನುತ್ತಾಳೆ ಮಗಳು.

ಒಳ್ಳೆಯದರ ಚೂರನ್ನೂ ಕೆಟ್ಟದ್ದರ ಚೂರನ್ನೂ ಅಕ್ಕಪಕ್ಕ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೇಡಂಗೆ ಗುಟ್ಟು ಹೊಳೆಯಿತು. ಕೆಟ್ಟದ್ದರ ಎರಡು ಅರ್ಧಗಳನ್ನು ಕೂಡಿಸಿದ ಬೆಸುಗೆಯಲ್ಲಿ, ಅದುವರೆಗೆ ಸಹಜವೆಂದೇ ಬಗೆದಿದ್ದ ಅತಿ ಸಣ್ಣ ತೂತುಗಳು. ಪದರ ಕೂರಿಸುವ ಮುನ್ನ ಒಳಮೈ ನಯಗೊಳಿಸುವ ಆಮ್ಲ ಅಲ್ಲಿ ಅಡಗಿ ಕೂತು, ಆಮೇಲೆ ಪದರವನ್ನು ಎಬ್ಬಿಸುತ್ತಿತ್ತು. ಒಳ್ಳೆಯದರಲ್ಲಿ ಅವು ಇರಲೇ ಇಲ್ಲ. ಬೆಸುಗೆಯೇ ಇಲ್ಲದಂತೆ, ಒಂದೇ ತಗಡಿನಿಂದ ಹೊಸ ಹಂಡೆ ಮಾಡಿಸಿದರು. ಅಕ್ಕ ಮತ್ತೆ ತೊಳೆದರು, ಮತ್ತೆ ಪದರ ಕೂರಿಸಿದರು.

ಪರೀಕ್ಷೆಯ ದಿನ ಅವರು ಬಾಗಿಲ ಬಳಿಯೇ ನಿಂತಿದ್ದರು. ಅಲೆಗಳ ಬಲ ಹೆಚ್ಚಿಸಿದಂತೆಲ್ಲ ಹಿಂದೆ ಧೊಪ್ಪನೆ ಕುಸಿಯುತ್ತಿದ್ದ ಪರದೆಯ ಗೆರೆ, ಹಂಡೆಯ ಕ್ಷಮತೆ ತೋರುವ ಗೆರೆ, ಈ ಸಲ ಕದಲಲಿಲ್ಲ. ಇನ್ನೂ ಹೆಚ್ಚಿಸಿದರು. ಕದಲಲಿಲ್ಲ. ಮೇಡಂ ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು.

“ಮೈ ಜುಮ್ಮಂತು. ಅಷ್ಟು ತೆಳ್ಳಗಿನ ಪದರ ಅಷ್ಟೊಂದು ಶಕ್ತೀನ ತಡ್ಕೊಂಡು ನಿಂತಿದೆ! ಕೂರಿಸಿದ್ದು ನಾನೇನಾ ಅನ್ನಿಸ್ತು,” ಎನ್ನುತ್ತಾರೆ ಅಕ್ಕ.

ಈಗ ಅವರ ಹಂಡೆಗಳು ನೆಲದಡಿಯ ಸುರಂಗದಲ್ಲಿ, ಯಂತ್ರದ ಒಡಲೊಳಗೆ ದುಡಿಯುತ್ತಿವೆ. ಅಮ್ಮನ ಕೈಕೆಲಸವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ಮಗಳ ಹಟ. ಅಕ್ಕ ಬೇಡವೆಂದು ತಲೆಯಾಡಿಸುತ್ತಾರೆ.

“ಅದನ್ನ ಬಿಚ್ಚಿದ್ರು ಅಂದ್ರೆ ಕೆಟ್ಟಿದೆ ಅಂತಲೇ ಅರ್ಥ ಕಣೇ. ನಾನಿರೋವರೆಗೂ ಅದರೊಳಗೆ ಯಾರೂ ಇಣುಕದೇ ಇರ್ಲಿ.”