ಕಲ್ಲಿನ ಮಂಟಪಕ್ಕೆ ನೀಲಿ ಬಣ್ಣ

ಹಳೇ ಕಟ್ಟಡಗಳ ಫೋಟೊ ತೆಗೆದು ಪ್ರವಾಸಿಗರಿಗೆ ಪುಸ್ತಿಕೆ ಮಾಡುವುದು ನನ್ನ ಕೆಲಸ. ನ್ಯಾಮತಿಯ ಕಲ್ಲಿನ ಮಂಟಪ ನೋಡಲು ಬರುತ್ತೇನೆಂದು ಊರಿನವರಿಗೆ ಮೊದಲೇ ಫೋನ್ ಮಾಡಿದ್ದೆ. ಹೋಗಿ ನೋಡಿದರೆ ಅಷ್ಟೂ ಕಂಬಗಳಿಗೆ ಫಳಫಳ ಹೊಳೆಯುವ ನೀಲಿ ಆಯಿಲ್ ಪೇಂಟ್ ಬಳಿದಿದ್ದಾರೆ!

ಊರಿನ ಮಹಿಳಾ ಸಂಘದ ಸರೋಜಮ್ಮ ಬ್ರಶ್ ಹಿಡಿದೇ ಎದುರು ಬಂದರು. "ಹೆಂಗೈತ್ರಿ ಸಾರ್?"

"ಯಾಕ್ರೀ ಅಮ್ಮ ಬಣ್ಣ ಹಚ್ಚಿದ್ರಿ?"

"ಫೋಟೊ ತೆಗ್ಯಾಕೆ ಬರೋರಿಗೆ ಮಾಸಿದ ಕಲ್ಲು ತೋರ್ಸಾಕೆ ಆಗ್ತತೇನ್ರಿ? ನಿಮ್ಮನೇಲಿ ಮದುವೆ ಅಂದ್ರೆ ಸುಣ್ಣ ಬಣ್ಣ ಮಾಡ್ಸಲ್ವ?"

ನನಗೆ ಸಿಟ್ಟು ನೆತ್ತಿಗೇರಿತು. "ಈ ಬಣ್ಣ ಹೋಗೋವರೆಗೂ ಕ್ಯಾಮೆರಾ ಹೊರಗೆ ತೆಗೆಯಲ್ಲ" ಎಂದೆ. ಪೇಂಟಿನ ಡಬ್ಬಿಗಳ ಪಕ್ಕದಲ್ಲೇ ಬಣ್ಣ ಕರಗಿಸುವ ತಿನ್ನರ್ ಇತ್ತು. ಬಟ್ಟೆಗೆ ಸುರಿದುಕೊಂಡು ಒಂದು ಕಂಬವನ್ನು ನಾನೇ ಉಜ್ಜತೊಡಗಿದೆ. ಸರೋಜಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತೇ ನೋಡಿದರು. ನೀಲಿಯ ಕೆಳಗಿಂದ ನರ್ತಕಿಯ ಪಾದ ಬಂತು, ಆಮೇಲೆ ಸಾಸಿವೆಯಷ್ಟು ಸಣ್ಣ ಗೆಜ್ಜೆಗಳು.

"ಅಯ್ಯೋ, ಗೆಜ್ಜೆ ಮುಚ್ಚಿಬಿಟ್ಟಿದ್ವಲ್ರೀ!" ಎಂದವರೇ ಸೆರಗು ಸಿಕ್ಕಿಸಿಕೊಂಡು, ಸಂಘದವರನ್ನೆಲ್ಲ ಕೂಗಿ ಕರೆದರು. "ಕಬ್ಬಿಣದ ಬ್ರಶ್ ಬೇಡ, ಕಲ್ಲಿಗೆ ಗೀರು ಬೀಳುತ್ತೆ" ಎಂದೆ. ತೆಂಗಿನ ನಾರು ತಂದು ಉಜ್ಜಿದರು. ಪೂರ್ತಿ ಹೋಗಲು ವಾರ ಹಿಡಿಯಿತು, ಒಬ್ಬರೂ ಬಿಡಲಿಲ್ಲ.

ಪುಸ್ತಿಕೆ ಅಚ್ಚಾದ ಮೇಲೆ ಕೊಡಲು ಹೋದೆ. ಮಂಟಪದ ಕಲ್ಲು ಕಲ್ಲಾಗಿಯೇ ಇತ್ತು. ಮುಂಭಾಗದ ಒಂದು ಕಂಬದ ಮೇಲೆ ಮಾತ್ರ, ಉಳಿದಿದ್ದ ಅದೇ ನೀಲಿ ಪೇಂಟಿನಲ್ಲಿ, ದಪ್ಪಕ್ಷರದಲ್ಲಿ ಬರೆದಿದ್ದರು: "ಈ ಕಲ್ಲಿಗೆ ಯಾರೂ ಬಣ್ಣ ಹಚ್ಚಕೂಡದು."

"ಹೆಂಗೈತ್ರಿ ಸಾರ್?" ಎಂದರು ಸರೋಜಮ್ಮ.