ಆರನೆಯ ಹಾಡಿನ ಕೊಳಲು

ಅನುಮಾನ ನನ್ನ ಹುಟ್ಟುಗುಣ. ಬಾಳೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಕಾಫಿ ಹಣ್ಣಿನ ಮೂಟೆಗಳನ್ನು ಎರಡೆರಡು ಸಲ ತೂಗಿಸುತ್ತಿದ್ದೆ. ಮಾಲೀಕರಿಗೆ ಅದು ಇಷ್ಟ. ನನಗೆ ಮಾತ್ರ ಆ ಗುಣದಿಂದ ಒಳ್ಳೆಯದಾಗಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಹಳೆಯ ಕೀಬೋರ್ಡ್ ಒಂದನ್ನು ಕೊಂಡೆ. ಎಡಗೈಯಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿದರೆ ಸಾಕು, ಡ್ರಮ್ಮು, ಬೇಸು, ಗಿಟಾರು ಎಲ್ಲವನ್ನೂ ಅದೇ ನುಡಿಸುತ್ತಿತ್ತು. ಒಂದೊಂದೇ ಟ್ರ್ಯಾಕ್ ಕೂರಿಸುತ್ತ ಸ್ವಂತ ಹಾಡು ಕಟ್ಟುವುದು ನನ್ನ ಹುಚ್ಚು. ಹಾಡುತ್ತಿದ್ದವನು ಕೊಟ್ಟಿಗೆಹಾರದ ಜೀಪ್ ಮೆಕ್ಯಾನಿಕ್, ನನ್ನ ಗೆಳೆಯ. ನಾನು ಬರೆದ ಸಪ್ಪೆ ಸಾಲೂ ಅವನ ಗಂಟಲಲ್ಲಿ ಹಾಡಾಗುತ್ತಿತ್ತು. ಆರು ಹಾಡಿನ ಕ್ಯಾಸೆಟ್ ಮಾಡಬೇಕೆಂದಿದ್ದೆವು. ಐದಕ್ಕೆ ಅವನ ದನಿ ಸೇರಿತ್ತು. ಆರನೆಯದು ನನಗೆ ಪ್ರಾಣ. ಕೀಬೋರ್ಡಿನ ಕೊಳಲು ದನಿಯ ಒಂದು ಸಾಲಿನಿಂದ ಶುರುವಾಗುತ್ತಿತ್ತು. ಅಭ್ಯಾಸಕ್ಕೆಂದು ಗೆಳೆಯ ಅದನ್ನು ಟೇಪಿಗೆ ಹಾಕಿಸಿಕೊಂಡು ಹೋದ.

ಅದೇ ತಿಂಗಳು ಕಳಸದಲ್ಲೊಂದು ಮದುವೆ. ಊಟಕ್ಕೆ ಕೂತಿದ್ದಾಗ ಆರ್ಕೆಸ್ಟ್ರಾದವರು ಯಾವುದೋ ಹಾಡು ಎತ್ತಿಕೊಂಡರು. ಮೊದಲಿಗೆ ಬಂದದ್ದು ನನ್ನ ಕೊಳಲಿನ ಸಾಲು, ಒಂದು ಸ್ವರವೂ ಬಿಡದೆ. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ.

ಆಮೇಲೆ ಕಂಡದ್ದೆಲ್ಲ ಸಾಕ್ಷಿಯಾಯಿತು. ಆ ಆರ್ಕೆಸ್ಟ್ರಾದ ಜೀಪು ರಿಪೇರಿಗೆ ಬರುವುದು ನನ್ನ ಗೆಳೆಯನ ಗ್ಯಾರೇಜಿಗೇ. ಇವನೋ ಕೆಲಸ ಮಾಡುವಾಗ ಟೇಪ್ ಹಾಕಿಕೊಳ್ಳುವವನು. ಹಾಡನ್ನು ತಿದ್ದಿದ್ದೇನೆಂದು ಅವನಿಗೆ ಸುಳ್ಳು ಹೇಳಿ, ಕೊಳಲಿನಲ್ಲಿ ಬೇಕೆಂದೇ ಒಂದು ತಪ್ಪು ಸ್ವರ ಸೇರಿಸಿ ಹೊಸ ಟೇಪ್ ಕೊಟ್ಟೆ. ಆ ತಪ್ಪು ಎಲ್ಲಾದರೂ ಕೇಳಿಸೀತೆಂದು ಆ ಆರ್ಕೆಸ್ಟ್ರಾ ನುಡಿಸಿದ ಮೂರು ಮದುವೆಗಳಿಗೆ ಕರೆಯದೇ ಹೋಗಿ ಉಂಡು ಬಂದೆ. ಎಲ್ಲೂ ಕೇಳಿಸಲಿಲ್ಲ. ಕಳ್ಳ ಹುಷಾರಾಗಿದ್ದಾನೆ ಅಂದುಕೊಂಡೆ.

ಕೊನೆಗೆ ಗ್ಯಾರೇಜಿನಲ್ಲೇ, ಗಿರಾಕಿಗಳ ಎದುರೇ, ಕೇಳಿಬಿಟ್ಟೆ. ಅವನ ಮುಖ ಕಪ್ಪಿಟ್ಟಿತು.

"ನಾನ್ಯಾರಿಗೂ ಕೊಟ್ಟಿಲ್ಲ ಮಾರಾಯ," ಎಂದಷ್ಟೇ ಹೇಳಿ ಎರಡೂ ಟೇಪುಗಳನ್ನು ನನ್ನ ಕೈಗಿಟ್ಟ.

ಮಳೆಗಾಲ ಕಳೆದ ಮೇಲೆ ಆ ಆರ್ಕೆಸ್ಟ್ರಾದ ಕೀಬೋರ್ಡಿನವರನ್ನು ಹುಡುಕಿಕೊಂಡು ಹೋದೆ, ಜಗಳಕ್ಕೆಂದೇ. ಅವರ ಬಳಿ ಇದ್ದದ್ದೂ ನನ್ನಂಥದೇ ಕೀಬೋರ್ಡ್. ಸಾಲನ್ನು ಗುನುಗಿ ತೋರಿಸಿದೆ. ಅವರು ನಕ್ಕು, ಒಂದು ಸ್ಟೈಲ್, ಅಂದರೆ ಸಿದ್ಧ ತಾಳದ ಮಾದರಿ, ಆರಿಸಿ, ಹಾಡಿನ ಆರಂಭ ನುಡಿಸುವ ಇಂಟ್ರೊ ಬಟನ್ ಒತ್ತಿ, ಎಡಗೈಯ ಮೂರು ಬೆರಳಿಟ್ಟರು. ಕೊಳಲು ತಾನಾಗಿಯೇ ನುಡಿಯಿತು. ಕೀಬೋರ್ಡ್ ಮಾಡಿದವರೇ ತುಂಬಿ ಕಳಿಸಿದ್ದ ಸಾಲು ಅದು. ಎಂದೋ ನಾನೂ ಆ ಬಟನ್ ಒತ್ತಿದ್ದೆ. ಅದಕ್ಕೆ ಹೊಂದುವಂತೆ ಪಲ್ಲವಿ ಕಟ್ಟಿ, ತಿಂಗಳುಗಟ್ಟಲೆ ತಿದ್ದುತ್ತ ಕೂತು, ಕೊಳಲೂ ನನ್ನದೇ ಎಂದು ನಂಬಿಬಿಟ್ಟಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

ಅಲ್ಲಿಂದ ನೇರ ಕೊಟ್ಟಿಗೆಹಾರದ ಬಸ್ ಹತ್ತಿದೆ. ಗೆಳೆಯನಿಗೆ ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. ಅವನು ಟೀ ತರಿಸಿದ. ಕುಡಿದು ಲೋಟ ಕೆಳಗಿಟ್ಟ.

"ನಾನು ಹೇಳ್ದಾಗ ನಂಬ್ಲಿಲ್ಲ ನೀನು," ಎಂದ ಆಮೇಲೆ. "ಈಗ ಮೆಷಿನ್ ಹೇಳ್ತು ಅಂತ ಬಂದಿದ್ದೀಯ."

ಆರನೆಯ ಹಾಡನ್ನು ಅವನು ಹಾಡಲಿಲ್ಲ. ಬೇರೆ ಯಾರನ್ನಾದರೂ ಕೇಳಲು ನನಗೂ ಬಾಯಿ ಬರಲಿಲ್ಲ.